ನುಕ್ತೆಯ ಜಾಗದಲ್ಲಿ ಒಂದಕ್ಷರ

ಹಳೆಯ ಸಾಮಾನಿಗೆ ನಮ್ಮಲ್ಲಿ ಎರಡೇ ದಾರಿ. ಗುಜರಿಗೆ ಹಾಕುವುದು, ಇಲ್ಲವೇ ಶೋಕೇಸಿನಲ್ಲಿಟ್ಟು ಧೂಳು ಒರೆಸುವುದು. ಬಿಚ್ಚಿ ನೋಡಿ, ಒಳಗೆ ಯಾವುದು ಸತ್ತಿದೆ, ಯಾವುದು ಬದುಕಿದೆ ಎಂದು ವಿಚಾರಿಸುವವರು ಕಡಿಮೆ.

ನಮ್ಮ ಅಬ್ಬಾ ಉರ್ದು ಮೇಷ್ಟ್ರು. 'ಶೀನ್-ಕಾಫ್ ದುರುಸ್ತ್ ಇರಬೇಕು' ಎಂದು ಕಿವಿ ಹಿಂಡಿ ಉಚ್ಚಾರ ಕಲಿಸಿದವರು. ಅವರು ಹೋದ ಮೇಲೆ ನಮಗೆ ಉಳಿದದ್ದು ಅವರು ಪಾಠ ಓದಿದ ಎರಡು ಕ್ಯಾಸೆಟ್, ಎಂಬತ್ತರ ದಶಕದ ಒಂದು ಜೊತೆ ಸ್ಪೀಕರ್ ಪೆಟ್ಟಿಗೆ. ಬರಬರುತ್ತಾ ಆ ಪೆಟ್ಟಿಗೆಗಳಲ್ಲಿ ಅವರ ಶೀನ್ ಯಾವುದು, ಸೀನ್ ಯಾವುದು ತಿಳಿಯದಾಯಿತು. ಕಂಬಳಿ ಹೊದ್ದು ಮಾತಾಡಿದಂತೆ. ಇಯರ್‌ಫೋನಿನಲ್ಲಿ ಮಾತ್ರ ಅದೇ ಕ್ಯಾಸೆಟ್ ಸ್ಪಷ್ಟ. ಅಂಗಡಿಯವರೊಬ್ಬರು 'ಪೂರ್ತಿ ಹೋಗಿದೆ, ಹೊಸದು ತಗೊಳ್ಳಿ' ಎಂದರು. ನಾವು ಮಕ್ಕಳೆಲ್ಲ ಸೇರಿ ಮೊಹಲ್ಲಾದ ರೇಡಿಯೋ ರಿಪೇರಿ ಚಾಚಾರ ಬಳಿ ಹೊತ್ತುಕೊಂಡು ಹೋದೆವು.

ಒಳಗೆ ಅಂಗೈಯಗಲದ ಹಲಗೆ. ಅದೇ ಕ್ರಾಸ್‌ಓವರ್. ಅದರ ಮೇಲಿನ ತಾಮ್ರದ ಕಾಯಿಲ್ ಏರು ಸ್ವರಗಳನ್ನು ತಡೆದು ತಗ್ಗು ಸ್ವರಗಳನ್ನು ದೊಡ್ಡ ಸ್ಪೀಕರಿಗೆ ಬಿಡುತ್ತದೆ; ಕೆಪಾಸಿಟರ್ ತಗ್ಗು ಸ್ವರಗಳನ್ನು ತಡೆದು ಏರು ಸ್ವರಗಳನ್ನು ಟ್ವೀಟರಿಗೆ ಕೊಡುತ್ತದೆ. ಸೀನ್, ಶೀನ್‌ಗಳ ಸುಯ್ಯೆನ್ನುವ ಸದ್ದು ಹೆಚ್ಚಾಗಿ ಟ್ವೀಟರಿನ ಪಾಲು.

ಬಿಳಿ ಸಿಮೆಂಟಿನ ರೆಸಿಸ್ಟರ್ ಮೇಲೆ '4ಆರ್7 ಜೆ' ಎಂದಿತ್ತು. ಅಂದರೆ 4.7 ಓಮ್, ಶೇ. 5 ಹೆಚ್ಚುಕಮ್ಮಿ. ಚುಕ್ಕೆ ಅಳಿಸಿಹೋದೀತೆಂದು ಅದರ ಜಾಗದಲ್ಲಿ ಅಕ್ಷರವನ್ನೇ ಕೂರಿಸಿದ್ದಾರೆ. ಉರ್ದು ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನ ಒಂದು ನುಕ್ತೆ ಕೆಳಗಿಳಿದರೆ 'ಖುದಾ' ಹೋಗಿ 'ಜುದಾ' ಆಗುತ್ತದೆ!

ಚಾಚಾ ಪ್ರತಿಯೊಂದು ಕೆಪಾಸಿಟರಿನ ಒಂದು ಕಾಲನ್ನು ಹಲಗೆಯಿಂದ ಬಿಡಿಸಿ ಅಳೆದರು. ಹಾಗೇ ಅಳೆದರೆ ಅಕ್ಕಪಕ್ಕದ ಭಾಗಗಳೂ ಲೆಕ್ಕಕ್ಕೆ ಸೇರಿಬಿಡುತ್ತವೆ. 'ಎನ್‌ಪಿ' ಎಂದು ಬರೆದ, ಅಂದರೆ ಪ್ಲಸ್-ಮೈನಸ್ ಭೇದವಿಲ್ಲದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ 4.7 ಮೈಕ್ರೋಫ್ಯಾರಡ್ ತೋರಿಸಬೇಕಿತ್ತು, ಮೂರನ್ನೂ ಮುಟ್ಟಲಿಲ್ಲ. ಒಳಗಿನ ದ್ರಾವಣ ಒಣಗಿತ್ತು. ಪಕ್ಕದ ಪ್ಲಾಸ್ಟಿಕ್ ಫಿಲ್ಮ್ ಕೆಪಾಸಿಟರ್ ಅಷ್ಟೇ ವಯಸ್ಸಿನದು, ಲೆಕ್ಕ ಮಾತ್ರ ಸರಿಯಾಗಿತ್ತು.

"ಉಮರ್ ನೋಡಬೇಡಿ ಬೇಟಾ, ಮೀಟರ್ ನೋಡಿ" ಎಂದರು ಚಾಚಾ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅದೇ ಅಳತೆಯ, ವೋಲ್ಟ್ ಕಡಿಮೆಯಿರದ ಫಿಲ್ಮ್ ಕೆಪಾಸಿಟರ್ ತರಿಸಿದೆವು. ಒಂದರಲ್ಲಿ ಕೆಟ್ಟದ್ದು ಇನ್ನೊಂದರಲ್ಲೂ ಕೆಡುವ ಹಾದಿಯಲ್ಲಿರುತ್ತದೆಂದು ಎರಡೂ ಪೆಟ್ಟಿಗೆಗೆ ಹಾಕಿದರು. ಫಿಲ್ಮ್‌ನ ಒಳ ತಡೆ ಕಡಿಮೆ. ದನಿ ತೀರಾ ಚುರುಕಾದರೆ ಸಣ್ಣ ರೆಸಿಸ್ಟರ್ ಸೇರಿಸಬಹುದೆಂದರು. ಸೇರಿಸಬೇಕಾಗಲಿಲ್ಲ. ಅಬ್ಬಾರ ಶೀನ್ ಶೀನ್ ಆಗಿಯೇ ಕೇಳಿತು. ಅಮ್ಮಿ ಸೆರಗು ಎಳೆದುಕೊಂಡು ನೆಟ್ಟಗೆ ಕೂತರು.

ಕೋನ್ ಹರಿದು ಗುಜರಿಗೆ ಬಂದ ಪೆಟ್ಟಿಗೆಗಳಿಂದಲೂ ಚಾಚಾ ಕಾಯಿಲ್‌ಗಳನ್ನು ಬಿಡಿಸಿಡುತ್ತಾರೆ. ಸುತ್ತು ಬಿಚ್ಚುವುದಿಲ್ಲ. ಸುತ್ತುಗಳ ಲೆಕ್ಕದಲ್ಲೇ ಅದರ ಗುಣವಿದೆ. ಬಿಚ್ಚಿದರೆ ಉಳಿಯುವುದು ಕಿಲೋ ಲೆಕ್ಕದ ತಾಮ್ರ. ಅಳೆದದ್ದೆಷ್ಟು, ಬಂದದ್ದು ಯಾವ ಪೆಟ್ಟಿಗೆಯಿಂದ ಎಂದು ಚೀಟಿ ಬರೆದು ದಾರದಲ್ಲಿ ಕಟ್ಟುತ್ತಾರೆ. ಕೆಲವು ಚೀಟಿ ಕನ್ನಡದಲ್ಲಿವೆ, ಕೆಲವು ಉರ್ದುವಿನಲ್ಲಿ. ಮುಂದೆ ಯಾರ ಮನೆಯ ದನಿಗೆ ಯಾವುದು ಬೇಕಾದೀತೋ.