ಕೋವಿಯಲ್ಲಿ ಎರಡು, ಜೇಬಿನಲ್ಲಿ ಎಷ್ಟು?

ಚಿಕ್ಕಮಗಳೂರನ್ನು ಬಿಟ್ಟು ಮೂಡಿಗೆರೆಯ ಹಾದಿ ಹಿಡಿದರೆ, ಸ್ವಲ್ಪ ಹೊತ್ತಿನಲ್ಲಿಯೇ ಬಸ್ಸಿನ ಎರಡು ಪಕ್ಕಕ್ಕೂ ಕಾಫಿಯ ತೋಟಗಳು ಬಂದು ನಿಲ್ಲುತ್ತವೆ. ಮೇಲೆ ಸಿಲ್ವರ್ ಓಕ್, ಅತ್ತಿ, ಹಲಸುಗಳ ನೆರಳು. ಅವುಗಳ ಬೊಡ್ಡೆಯನ್ನಪ್ಪಿದ ಮೆಣಸಿನ ಬಳ್ಳಿ. ಕೆಳಗೆ ಆಳೆತ್ತರದ ಗಿಡಗಳು. ನಾನು ಹೋದದ್ದು ಡಿಸೆಂಬರಿನಲ್ಲಿ. ಅರೇಬಿಕಾ ಹಣ್ಣಿನ ಕುಯ್ಲು ಮುಗಿಯುತ್ತ ಬಂದಿತ್ತು. ಅಂಗಳಗಳಲ್ಲಿ ಕೆಂಪು ಹಣ್ಣು ಒಣಗುವ ಹುಳಿಮಿಶ್ರಿತ ವಾಸನೆ ರಸ್ತೆಯವರೆಗೂ ಹರಡಿತ್ತು.

ಬಾಬಾ ಬುಡನ್ ಎಂಬ ಸಂತರು ಅರಬ್ಬೀ ನಾಡಿನ ಮೋಕಾದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ವಾಚಕರು ಹತ್ತಾರು ಬಾರಿ ಓದಿರುತ್ತಾರೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಚಿತ್ರವನ್ನಂತೂ ಪ್ರತಿಯೊಂದು ಕ್ಯಾಲೆಂಡರಿನಲ್ಲಿಯೂ ನೋಡಿರುತ್ತಾರೆ. ಆದುದರಿಂದ ಪ್ರವಾಸಿಗಳ ಕಣ್ಣಿಗೆ ಬೀಳದ ಒಂದು ವಸ್ತುವಿನ ಬಗೆಗೆ ಬರೆಯುವುದು ಮೇಲೆಂದು ನನಗೆ ತೋರಿತು. ಇಲ್ಲಿಯ ಅನೇಕ ಮನೆಗಳಲ್ಲಿ ನಡುಕೋಣೆಯ ಬಾಗಿಲ ಹಿಂದೆ, ದೇವರ ಪಟಕ್ಕೂ ಗೋಡೆಗಡಿಯಾರಕ್ಕೂ ಇರುವಷ್ಟೇ ಸಹಜವಾಗಿ, ಒಂದು ಕೋವಿ ಇರುತ್ತದೆ.

ಮಲೆನಾಡಿನವರು ಬಂದೂಕು ಎನ್ನುವುದು ಕಡಿಮೆ. ಕೋವಿ ಎಂಬುದೇ ರೂಢಿ. ಕೊಳವೆಯನ್ನು ಸೂಚಿಸುವ ಕನ್ನಡದ ಹಳೆಯ ಮಾತದು. ಕೋವಿಗೆ ತುಂಬುವ ಕಾಡತೂಸಾದರೋ ಯೂರೋಪಿನಿಂದ ಬಂದ ಅತಿಥಿ. ಮೂಲದಲ್ಲಿ ಸುರುಳಿ ಸುತ್ತಿದ ಕಾಗದವೆಂದಷ್ಟೇ ಅದರ ಅರ್ಥ. ಇಲ್ಲಿಯವರ ಬಾಯಲ್ಲಿ ಅದು ತೋಟಾ. ‘ತೋಟಕ್ಕೆ ಹೋಗುವಾಗ ತೋಟಾ ತಗೊಂಡ್ಯೇನೋ?’ ಎಂಬ ಪ್ರಶ್ನೆಯನ್ನು ಮೊದಲ ಬಾರಿ ಕೇಳಿದಾಗ, ಛಂದಸ್ಸು ಪಾಠ ಹೇಳುವ ನನ್ನಂಥವನಿಗೂ ಹ್ರಸ್ವ ದೀರ್ಘಗಳ ಮೇಲೆ ವಿಶೇಷ ಗೌರವ ಹುಟ್ಟಿತು. ಮೂಡಿಗೆರೆಯ ತೋಟದಲ್ಲಿ ಬಾಳಿ 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರನ್ನು ಓದಿದವರಿಗೆ ಕೋವಿ, ಈಡು, ಚರೆ ಎಂಬ ಮಾತುಗಳು ಅಪರಿಚಿತವಲ್ಲ.

ನನಗೆ ಆತಿಥ್ಯವಿತ್ತವರು ನನ್ನ ಸಹೋದ್ಯೋಗಿಯೊಬ್ಬರ ಮಾವನವರು. ಎಪ್ಪತ್ತು ದಾಟಿದ ಗೌಡರು. ಮೂಡಿಗೆರೆಗೆ ಸಮೀಪದಲ್ಲಿ ಅವರ ತೋಟ. ಅವರ ಮೊಮ್ಮಗ ಅಮೆರಿಕದ ಟೆಕ್ಸಾಸಿನಲ್ಲಿ ಎರಡು ವರ್ಷ ಕೆಲಸ ಮಾಡಿ ಆಗತಾನೆ ಮರಳಿದ್ದ. ಸಂಜೆ ಗೌಡರು ತೋಟದ ಸುತ್ತು ಹೊರಟಾಗ ನಾವಿಬ್ಬರೂ ಜೊತೆಗೂಡಿದೆವು. ಅವರು ಜೋಡುನಳಿಗೆಯ ಕೋವಿಯನ್ನು ಮಡಿಚಿ ಎರಡು ತೋಟಾಗಳನ್ನಿಟ್ಟರು. ಮತ್ತೆರಡನ್ನು ಅಂಗಿಯ ಎದೆಜೇಬಿಗೆ ಹಾಕಿ, ಜೇಬಿನ ಗುಂಡಿಯನ್ನು ಭದ್ರವಾಗಿ ಹಾಕಿಕೊಂಡರು.

“ನಾಲ್ಕೇ ಏನಜ್ಜ? ಸೊಂಟಕ್ಕೆ ಒಂದು ಪಟ್ಟಿ ಕಟ್ಟಿಕೊಂಡರೆ ಇಪ್ಪತ್ತೈದು ಹಿಡಿಯುತ್ತೆ,” ಎಂದ ಮೊಮ್ಮಗ.

ಅವನ ಮಾತಿನ ಹಿಂದೆ ಟೆಕ್ಸಾಸಿನ ಅನುಭವವಿತ್ತು. 2021ರ ಸೆಪ್ಟೆಂಬರಿನಿಂದ ಅಲ್ಲಿ, ಕಾನೂನಿನ ಅಡ್ಡಿಯಿಲ್ಲದ ವಯಸ್ಕರು ಪ್ರತ್ಯೇಕ ಪರವಾನಗಿಯಿಲ್ಲದೆಯೇ ಕೈಬಂದೂಕನ್ನು ಅಂಗಿಯ ಮರೆಯಲ್ಲಿಟ್ಟುಕೊಂಡು ಓಡಾಡಬಹುದು. ಅವನ ಕಚೇರಿಯ ಗೆಳೆಯರಲ್ಲಿ ಕೆಲವರು ದಿನವೂ ಹಾಗೆಯೇ ಬರುತ್ತಿದ್ದರಂತೆ. ಬಿಡುವಿನ ವೇಳೆಯಲ್ಲಿ ಅವರ ದೊಡ್ಡ ಚರ್ಚೆಯೆಂದರೆ ಪಿಸ್ತೂಲಿನೊಳಗಿರುವ ಮ್ಯಾಗಜೀನು ಸಾಕೇ, ಮತ್ತೊಂದನ್ನೂ ಜೇಬಿನಲ್ಲಿಡಬೇಕೇ ಎಂಬುದು. (ಮ್ಯಾಗಜೀನೆಂದರೆ ಉಗ್ರಾಣ, ಈಗ ನಿಮ್ಮ ಕೈಯಲ್ಲಿರುವ ವಾರಪತ್ರಿಕೆಯೂ ಅದೇ ಹೆಸರಿನದು. ಎರಡನೆಯದನ್ನು ಎಷ್ಟು ಬೇಕಾದರೂ ಜೊತೆಗೊಯ್ಯಬಹುದು.) ಹೆಚ್ಚು ಮಂದಿ ಎದುರಾದರೆ ಗುಂಡು ಸಾಲದೆಂಬುದು ಒಂದು ವಾದ, ಪಿಸ್ತೂಲಿನಲ್ಲಿ ಮೊದಲು ಕೆಡುವ ಭಾಗವೇ ಆ ಮ್ಯಾಗಜೀನು, ಆದುದರಿಂದ ಬದಲಿ ಇರಬೇಕೆಂಬುದು ಇನ್ನೊಂದು.

ಗೌಡರು ಎರಡನೆಯ ವಾದವನ್ನು ಕೂಡಲೇ ಒಪ್ಪಿಕೊಂಡರು. ಅವರ ತಂದೆಯ ಕಾಲದ ತೋಟಾಗಳಿಗೆ ಕಾಗದದ ಕವಚ. ಮುಂಗಾರು ಹಿಡಿದರೆ ಬಿಡದ ಈ ಸೀಮೆಯಲ್ಲಿ ಅವು ತೇವದಿಂದ ಉಬ್ಬಿ ನಳಿಗೆಗೆ ಇಳಿಯುತ್ತಿರಲಿಲ್ಲ, ಇಳಿದರೆ ಹಾರುತ್ತಿರಲಿಲ್ಲ. ತಗಡಿನ ಡಬ್ಬಿಯಲ್ಲಿ ಅಕ್ಕಿಯ ನಡುವೆ ಹೂತಿಟ್ಟರೂ ಹತ್ತಕ್ಕೆ ಎರಡು ಮೂರು ಹುಸಿಯಾಗುತ್ತಿದ್ದವಂತೆ. ಹುಸಿಯಾದರೆ ಕೋವಿಯನ್ನು ತಕ್ಷಣ ಮಡಿಚಬಾರದು, ನಳಿಗೆಯನ್ನು ನಿರ್ಜನ ದಿಕ್ಕಿಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು, ತಡವಾಗಿ ಹಾರುವುದುಂಟು. ಈಗಿನ ಪ್ಲಾಸ್ಟಿಕ್ ಕವಚದವು ಎಷ್ಟೋ ಮೇಲು. ಆದರೂ ಆ ಎರಡು ಬದಲಿಯ ಅಭ್ಯಾಸ ಉಳಿದುಬಂದಿದೆ.

“ಮೇಷ್ಟ್ರೇ, ಅದಕ್ಕೂ ಹಿಂದೆ ಕೇಪಿನ ಕೋವಿ. ಒಂದು ಈಡು ಹೊಡೆದರೆ ಮುಗೀತು,” ಎಂದರು. ಮದ್ದನ್ನು ಅಳೆದು ನಳಿಗೆಯ ಬಾಯಿಂದ ಸುರಿದು, ತೆಂಗಿನ ನಾರನ್ನು ಗಜದಿಂದ ಗಿಡಿದು, ಚರೆ ಹಾಕಿ, ಮತ್ತೆ ನಾರು ತುರುಕಿ, ಕೇಪು ಕೂರಿಸುವ ಹೊತ್ತಿಗೆ ಹಂದಿ ಪಕ್ಕದ ಹೋಬಳಿಗೆ ಹೋಗಿರುತ್ತಿತ್ತು. ಹಾಗಾಗಿ ಮನುಷ್ಯ ನೋಡಿಕೊಂಡು ಹೊಡೆಯುತ್ತಿದ್ದ, ತಪ್ಪಿದರೆ ಮನೆಗೆ ಬರುತ್ತಿದ್ದ.

ಹೀಗೆ ಮಾತಾಡುತ್ತ ತೋಟದ ಕೆಳಗಿನ ಹಳ್ಳದ ಬಳಿ ಬಂದಾಗ ಅವರು ನಿಂತು, ಆಚೆಯ ದಿಣ್ಣೆಯನ್ನು ತೋರಿಸಿ ಒಂದು ಸಂಗತಿ ಹೇಳಿದರು. ಎಷ್ಟೋ ವರ್ಷಗಳ ಹಿಂದೆ ಇಬ್ಬರು ರಾತ್ರಿ ಅಲ್ಲಿ ಕದ್ದು ಶಿಕಾರಿಗೆ ಬಂದಿದ್ದರು; ಭಾವ, ಭಾವಮೈದುನ. ಮೊದಲ ಎರಡು ಈಡು ಹಂದಿಗೆ ಬಿದ್ದವು. ಅದು ಗಾಯಗೊಂಡು ಕಾಫಿಯ ಸಾಲುಗಳೊಳಗೆ ನುಗ್ಗಿತು. ಭಾವಮೈದುನ ಬಳಸಿಕೊಂಡು ಹೋಗಿ ಅದನ್ನು ಅಡ್ಡಗಟ್ಟಲು ಹೊರಟ. ಭಾವ ಅವಸರದಲ್ಲಿ ಜೇಬಿನಿಂದ ತೋಟಾ ತೆಗೆದು ತುಂಬಿ, ಅಲುಗಿದ ಪೊದೆಗೆ ಹೊಡೆದ. ಪೊದೆಯ ಹಿಂದೆ ಇದ್ದುದು ಹಂದಿಯಲ್ಲ.

“ಆ ಮೂರನೇ ತೋಟಾ ಅವನ ಹತ್ತಿರ ಇರದಿದ್ದರೆ ಅವನ ತಂಗಿ ಮುತ್ತೈದೆಯಾಗಿ ಇರುತ್ತಿದ್ದಳು,” ಎಂದು ಗೌಡರು ಹೇಳಿ, ತಮ್ಮ ಎದೆಜೇಬನ್ನು ಮುಟ್ಟಿ ತೋರಿಸಿದರು. “ಅದಕ್ಕೇ ಗುಂಡಿ ಹಾಕೋದು. ಬಿಚ್ಚೋ ಹೊತ್ತಿಗಾದರೂ ಬುದ್ಧಿ ಬರಲಿ ಅಂತ.”

ಮೊಮ್ಮಗ ಮರುಮಾತಾಡಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ, “ಆನೆ ಬಂದರೆ?” ಎಂದು ಕೇಳಿದ.

ಇದು ಈಗಿನ ಮೂಡಿಗೆರೆಯ ನಿಜವಾದ ಪ್ರಶ್ನೆ. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳ ಸಂಖ್ಯೆಯನ್ನು 6,395 ಎಂದು ಅಂದಾಜು ಮಾಡಲಾಯಿತು. ತೋಟಗಳ ಹಲಸು, ಬಾಳೆ, ನೀರು ಮತ್ತು ನೆರಳನ್ನು ನೆಚ್ಚಿ ಅವುಗಳಲ್ಲಿ ಕೆಲವು ಕಾಫಿಯ ನಡುವೆಯೇ ಹಗಲು ಕಳೆಯುತ್ತವೆ. ಮೂಡಿಗೆರೆಯ ಸೀಮೆಯಲ್ಲಿ ಜನರ ಪ್ರಾಣ ತೆಗೆದ ‘ಭೈರ’ನೆಂಬ ಸಲಗವನ್ನು 2022ರ ಡಿಸೆಂಬರಿನಲ್ಲಿ ಅರಿವಳಿಕೆ ಚುಚ್ಚಿ, ಸಾಕಾನೆಗಳ ನೆರವಿನಿಂದ ಸೆರೆಹಿಡಿದರು. ಮರುವರ್ಷ, 2023ರ ಡಿಸೆಂಬರ್ 4ರಂದು, ನೆರೆಯ ಸಕಲೇಶಪುರದ ಯಸಳೂರಿನ ಕಾಡಿನಲ್ಲಿ ಇಂಥದೇ ಕಾರ್ಯಾಚರಣೆ ನಡೆದಾಗ, ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಅರ್ಜುನ ಕಾಡಾನೆಯ ದಾಳಿಗೆ ಸಿಕ್ಕಿ ಅಸುನೀಗಿತು. ನುರಿತ ಮಾವುತರು, ಅರಿವಳಿಕೆಯ ಕೋವಿ, ಆನೆಗಳ ದಂಡು ಎಲ್ಲವೂ ಇದ್ದ ಕಡೆಯ ಮಾತಿದು. ಚರೆ ತುಂಬಿದ ಹನ್ನೆರಡು ಬೋರಿನ ಕೋವಿಯಿಂದ ಆನೆ ಸಾಯುವುದಿಲ್ಲ, ಸಿಟ್ಟಾಗುತ್ತದೆ. ಇಪ್ಪತ್ತೈದು ತೋಟಾ ಕಟ್ಟಿಕೊಂಡವನು ಓಡುವಾಗ ಅಷ್ಟು ಭಾರ ಹೆಚ್ಚು ಹೊತ್ತಿರುತ್ತಾನೆ, ಅಷ್ಟೆ. ಗೌಡರು ಆನೆಗಾಗಿ ನೆಚ್ಚಿರುವುದು ಜೇಬಿನಲ್ಲಿರುವ ಇನ್ನೊಂದು ವಸ್ತುವನ್ನು, ಮೊಬೈಲನ್ನು. ಆನೆ ಯಾವ ತೋಟದಲ್ಲಿದೆಯೆಂಬ ಸುದ್ದಿ ಬೆಳಗಾಗುವ ಮೊದಲೇ ಅದರಲ್ಲಿ ಬಂದಿರುತ್ತದೆ. ಆ ದಿನ ಆ ಕಡೆ ಆಳುಗಳನ್ನು ಕಳಿಸುವುದಿಲ್ಲ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1959ರ ಆಯುಧ ಕಾಯಿದೆಯ ಪ್ರಕಾರ ಕೋವಿಗೆ ಪರವಾನಗಿ ಬೇಕಷ್ಟೆ; ಒಂದು ವೇಳೆಗೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆಷ್ಟು ಕೊಳ್ಳಬಹುದು ಎಂಬುದನ್ನೂ ಆ ಪುಸ್ತಕದಲ್ಲಿಯೇ ಬರೆದಿರುತ್ತಾರೆ. 2016ರ ನಿಯಮಗಳಂತೆ, ಸಾರ್ವಜನಿಕ ಸ್ಥಳದಲ್ಲಿ ಕೋವಿಯನ್ನು ಪೂರ್ತಿ ಮುಚ್ಚಿದ ಚೀಲದಲ್ಲಿಯೇ ಒಯ್ಯಬೇಕು. ಹಂದಿಯಾದರೂ ಅದನ್ನು ಕೊಲ್ಲಲು 1972ರ ವನ್ಯಜೀವಿ ಕಾಯಿದೆಯ ಅನುಮತಿ ಬೇಕು. ಆದಕಾರಣ ಗೌಡರ ಈಡುಗಳೆಲ್ಲ ಆಕಾಶಕ್ಕೆ ಮೀಸಲು. ನೆರೆಯ ಕೊಡವರಿಗೆ ಪರವಾನಗಿಯಿಂದ ವಿನಾಯಿತಿಯುಂಟು, ಈಚಿನ ಆದೇಶ ಅದನ್ನು 2029ರವರೆಗೆ ಮುಂದುವರಿಸಿದೆ. ಚಿಕ್ಕಮಗಳೂರಿನವರಿಗೆ ಆ ಭಾಗ್ಯವಿಲ್ಲ. ಇನ್ನು ಜೇಬಿನ ತೋಟಾಕ್ಕೆ ಜೇಬಿನೊಡನೆಯೇ ಪ್ರಯಾಣ ಮಾಡುವ ಕೆಟ್ಟ ಗುಣವಿದೆ. ಗೌಡರ ಪರಿಚಯದವರೊಬ್ಬರು ಮದುವೆಗೆ ಹೊರಟು, ತೋಟದ ಕೋಟನ್ನೇ ಪೆಟ್ಟಿಗೆಗೆ ಹಾಕಿಕೊಂಡು ವಿಮಾನ ನಿಲ್ದಾಣವೊಂದಕ್ಕೆ ಹೋದರು. ಯಂತ್ರದಲ್ಲಿ ಮರೆತ ತೋಟಾವೊಂದು ಕಂಡಿತು. ಅರಿವಿದ್ದು ಇಟ್ಟುಕೊಂಡದ್ದೋ ಅಲ್ಲವೋ ಎಂಬುದನ್ನು ನ್ಯಾಯಾಲಯಗಳು ಪರಿಶೀಲಿಸುತ್ತವೆ, ನಿಜ. ಆದರೆ ಅಷ್ಟರಲ್ಲಿ ಮದುವೆ ಮುಗಿದು ಬೀಗರೂಟವೂ ಆಗಿತ್ತು.

ಮೂಡಿಗೆರೆಯಲ್ಲಿ ನನ್ನ ಮನಸ್ಸು ಹೀಗೆ ಒಂದು ತೀರ್ಮಾನಕ್ಕೆ ಬಂದಿತ್ತು: ಹುಸಿಹೋದರೆ ಬದಲಿಗೆ ಎರಡು ಸಾಕು, ಕಾಳಗಕ್ಕೆಂದು ಒಯ್ಯುವವನು ಕಾಳಗವನ್ನು ಹುಡುಕಿಕೊಳ್ಳುತ್ತಾನೆ. ಇದೇ ವಿಚಾರವನ್ನು ಮೆಲುಕುಹಾಕುತ್ತ ಮರುದಿನ ಕೊಟ್ಟಿಗೆಹಾರಕ್ಕೆ ಹೋಗಿ, ಅಲ್ಲಿ ಬಿಸಿ ನೀರುದೋಸೆ ತಿಂದು, ಕಳಸದ ಬಸ್ಸು ಹತ್ತಿದೆ. ಚಾರ್ಮಾಡಿಯ ಕಡೆಯಿಂದ ಏರಿಬಂದ ಮಂಜು ಸ್ವಲ್ಪ ದೂರ ನಮ್ಮೊಡನೆ ಬಂದಿತು. ಮುಂದೆ ರಸ್ತೆ ಕಿರಿದಾಯಿತು. ಮನೆಗಳು ಒಂದರಿಂದೊಂದು ದೂರವಾದವು. ಕಳಸದಲ್ಲಿ ಭದ್ರೆಯನ್ನು ಕಂಡು, ಕಳಸೇಶ್ವರನಿಗೆ ಕೈಮುಗಿದು, ಗೌಡರ ದೂರದ ಬಂಧುಗಳ ಮನೆಗೆ ಜೀಪಿನಲ್ಲಿ ಹೋದೆ. ಡಾಂಬರಿನಿಂದ ಆ ಮನೆಗೆ ಮೂರು ಮೈಲಿ ಕಲ್ಲುಹಾದಿ.

ಮನೆಯ ಯಜಮಾನತಿ ಅರವತ್ತರ ಆಸುಪಾಸಿನ ವಿಧವೆ. ಗಂಡ ತೀರಿದ ಮೇಲೆ ಕೋವಿಯ ಪರವಾನಗಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡವರು. ಮಗ ಬೆಂಗಳೂರಿನಲ್ಲಿ. ಮೂಡಿಗೆರೆಯ ಚರ್ಚೆಯನ್ನು ನಾನು ವರ್ಣಿಸಿದಾಗ ಅವರು ನಕ್ಕು, “ನಮ್ಮ ಗೌಡ್ರಿಗೆ ಗೇಟಿನ ಮುಂದೇ ಬಸ್ಸು ನಿಲ್ಲುತ್ತೆ. ಅವರಿಗೆ ನಾಲ್ಕು ಸಾಕು. ನನಗೆ ಆರು ಬೇಕು,” ಎಂದರು.

ನಾನು ನಕ್ಸಲರ ದಿನಗಳ ನೆನಪೆಂದು ಭಾವಿಸಿದೆ. 2005ರ ಫೆಬ್ರವರಿಯಲ್ಲಿ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತ ಬಲ್ಲಿಗೆ ಈ ಸೀಮೆಯದೇ; ಅಂದಿನಿಂದ ಹಲವು ವರ್ಷ ಈ ಕಾಡಿನ ಅಂಚಿನ ಮನೆಗಳು ಎರಡು ಕಡೆಯ ಬೂಟಿನ ಸದ್ದನ್ನೂ ಕೇಳಿದವು. 2025ರ ಜನವರಿಯಲ್ಲಿ ಆರು ಮಂದಿ ಶರಣಾಗುವುದರೊಂದಿಗೆ ಆ ಅಧ್ಯಾಯ ಬಹುಮಟ್ಟಿಗೆ ಮುಗಿಯಿತು. “ಬಂದೂಕು ಹಿಡಿದು ಬಂದವರ ಮುಂದೆ ಈ ಕೋವಿ ಯಾವ ಲೆಕ್ಕ? ಅವರು ಇದನ್ನೇ ಕಿತ್ತುಕೊಂಡು ಹೋದಾರು ಅಂತಲೇ ಹೆದರಿಕೆ ಇದ್ದದ್ದು,” ಎಂದು ಅವರು ನನ್ನ ಊಹೆಯನ್ನು ತಳ್ಳಿಹಾಕಿದರು.

ಅವರ ಆರರ ಲೆಕ್ಕ ಬೇರೆ. ಮಳೆಗಾಲದಲ್ಲಿ ಮರ ಬಿದ್ದು ಹಾದಿ ಮುಚ್ಚುತ್ತದೆ. ವಿದ್ಯುತ್ತು ಹೋದರೆ ದಿನಗಟ್ಟಲೆ ಬರುವುದಿಲ್ಲ. ಗೋಪುರಕ್ಕೆ ವಿದ್ಯುತ್ತಿಲ್ಲದೆ ಮೊಬೈಲೂ ಮೂಕವಾಗುತ್ತದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಳಸಗಳ ಗುಡ್ಡಗಳು ಜರಿದಾಗ ಹಾಗೆಯೇ ಆಯಿತು. ಹಳ್ಳದಾಚೆಯ ಮನೆಯವರಿಗೂ ಇವರಿಗೂ ಹಿಂದಿನಿಂದ ಒಂದು ಒಪ್ಪಂದ: ಎಣಿಸಿದಷ್ಟು ಅಂತರ ಬಿಟ್ಟು ಮೂರು ಈಡು ಆಕಾಶಕ್ಕೆ ಹಾರಿಸಿದರೆ ಮನೆಯಲ್ಲಿ ಆಪತ್ತು, ಬನ್ನಿ ಎಂದರ್ಥ. ಕೇಳಿದವರು ಒಂದು ಈಡಿನಿಂದ ಉತ್ತರ ಕೊಡಬೇಕು. ಉತ್ತರ ಬಾರದಿದ್ದರೆ ಮತ್ತೆ ಮೂರು. ಜೋಡುನಳಿಗೆಯಲ್ಲಿರುವುದು ಎರಡೇ, ಉಳಿದ ನಾಲ್ಕು ಸೆರಗಿನ ತುದಿಯಲ್ಲಿರಬೇಕು. ಯಜಮಾನರಿಗೆ ಎದೆನೋವು ಬಂದ ರಾತ್ರಿ ಮೊದಲ ಮೂರಕ್ಕೆ ಮಳೆಯ ಸದ್ದಿನಲ್ಲಿ ಉತ್ತರ ಬರಲಿಲ್ಲ. ಎರಡನೆಯ ಮೂರಕ್ಕೆ ಬಂದಿತು. ಹಳ್ಳ ದಾಟಿ ನಾಲ್ವರು ಬಂದು, ಕಂಬಳಿಯ ಜೋಲಿಯಲ್ಲಿ ಡಾಂಬರಿನವರೆಗೆ ಹೊತ್ತೊಯ್ದರು. ಆ ಸಲ ಅವರು ಬದುಕಿ, ಇನ್ನೂ ನಾಲ್ಕು ಕುಯ್ಲು ಕಂಡರು.

ಕೊಡಗಿನಲ್ಲಿ ಹುಟ್ಟಿಗೂ ಸಾವಿಗೂ ಕೋವಿಯ ಸದ್ದಿನಿಂದ ಊರಿಗೆ ತಿಳಿಸುವ ಪದ್ಧತಿಯನ್ನು ಕೇಳಿದ್ದೆ. ಬದುಕಿಸುವುದಕ್ಕೆ ತೋಟಾ ಎಣಿಸಿಟ್ಟವರನ್ನು ಕಂಡದ್ದು ಇಲ್ಲಿಯೇ. ಮೂಡಿಗೆರೆಯ ನನ್ನ ತೀರ್ಮಾನ ಅಲ್ಲಿಗೆ ಸರಿ. ಇಲ್ಲಿಗೆ ಅದನ್ನು ಹೊತ್ತುತರುವ ಅಗತ್ಯವಿರಲಿಲ್ಲ.

ಆಕೆಯ ದೂರು ಇರುವುದು ಚುನಾವಣೆಯ ಮೇಲೆ. ಚುನಾವಣೆ ಬಂದಾಗಲೆಲ್ಲ ಪರವಾನಗಿಯ ಕೋವಿಗಳನ್ನು ಠಾಣೆಯಲ್ಲಿ ಒಪ್ಪಿಸಬೇಕೆಂಬ ಆದೇಶ ಬರುತ್ತದೆ. ಅದರ ವಿರುದ್ಧ ಬೆಳೆಗಾರರು ಹೈಕೋರ್ಟಿಗೆ ಹೋದದ್ದೂ ಉಂಟು. 2024ರ ಮಾರ್ಚ್ 16ರಂದು ಜಾರಿಗೆ ಬಂದ ನೀತಿಸಂಹಿತೆ ಜೂನಿನಲ್ಲಿ ಎಣಿಕೆ ಮುಗಿದ ಮೇಲೆಯೇ ಸಡಿಲವಾಯಿತು. ಇಲ್ಲಿಯ ಮತದಾನ ಏಪ್ರಿಲ್ 26ಕ್ಕೇ ಆಗಿಹೋಗಿತ್ತು. ಆ ದಿನಗಳಲ್ಲಿ ಕೋವಿಯ ಬದಲು ಪೂಜೆಯ ಜಾಗಟೆಯನ್ನು ಜಗಲಿಗೆ ತೂಗುಹಾಕಿ ಬಡಿದು ನೋಡಿದರಂತೆ. ಸದ್ದು ಹಳ್ಳ ದಾಟಲಿಲ್ಲ. ಆಚೆಯ ಮನೆಯ ಹುಡುಗ ದಿನವೂ ಸಂಜೆ ಸಂಕದ ಮೇಲೆ ಬಂದು, “ಅಮ್ಮಾ, ಹುಷಾರಾಗಿದೀರಾ?” ಎಂದು ಕೂಗಿ ಹೋಗುತ್ತಿದ್ದನಂತೆ.

ಕೋವಿ ಮರಳಿ ಬಂದ ದಿನ ಮಳೆ ಹಿಡಿದಿತ್ತು. ಆಕೆ ತಗಡಿನ ಡಬ್ಬಿಯನ್ನು ಇಳಿಸಿ, ಆರು ತೋಟಾಗಳನ್ನು ಒರೆಸಿ ಅಕ್ಕಿಯೊಳಗೆ ಹೂತಿಟ್ಟರು. ಹುಡುಗ ಮಾತ್ರ ಆ ಸಂಜೆಯೂ ಸಂಕಕ್ಕೆ ಬಂದ, ಈಗಲೂ ಬರುತ್ತಿದ್ದಾನೆ. ನಾವು ಕಾಫಿ ಕುಡಿಯುತ್ತಿರುವಾಗಲೇ ಕೆಳಗಿನಿಂದ ಅವನ ಕೂಗು ಕೇಳಿಸಿತು. ಆಕೆ ಲೋಟ ಕೆಳಗಿಟ್ಟು, ಜಗಲಿಗೆ ಹೋಗಿ ಉತ್ತರ ಕೊಟ್ಟರು.