ನಲವತ್ಮೂರರ ನಂಬರ್ ಒನ್

ಹಾಕಿ ಎಂದರೆ ಜೀವ ಬಿಡುವ ಕೊಡಗಿನಲ್ಲಿ ಬೆಳೆದ ಹುಡುಗನೊಬ್ಬ ಟೆನಿಸ್ ರ‍್ಯಾಕೆಟ್ ಹಿಡಿದ. ಸರ್ವ್‌ಗೆ ಬಲ ಬರಲೆಂದು ಸೌದೆ ಒಡೆದ, ದಮ್ಮು ಗಟ್ಟಿಯಾಗಲೆಂದು ಕಾಫಿ ತೋಟಗಳ ನಡುವೆ ಓಡಿದ. ಆ ರೋಹನ್ ಬೋಪಣ್ಣ 2025ರ ನವೆಂಬರ್ 1ರಂದು, ನಾಡೆಲ್ಲ ರಾಜ್ಯೋತ್ಸವದ ಸಡಗರದಲ್ಲಿದ್ದಾಗ, ವೃತ್ತಿಪರ ಟೆನಿಸ್‌ಗೆ ವಿದಾಯ ಹೇಳಿದರು. ಆಗ ಅವರಿಗೆ 45 ವರ್ಷ. ಆ ಸುದ್ದಿ ಓದಿ ಮನೆಯವರೇ ಯಾರೋ ನಿವೃತ್ತರಾದಷ್ಟು ಬೇಸರವಾಯಿತು ನನಗೆ.

ಡಬಲ್ಸ್ ಆಟಗಾರರಿಗೆ ನಮ್ಮಲ್ಲಿ ಸಿಗಬೇಕಾದ ಮನ್ನಣೆ ಎಂದೂ ಸಿಕ್ಕಿಲ್ಲ. ಸಿಂಗಲ್ಸ್ ಗೆದ್ದವರಿಗೆ ಪುಟದ ತುಂಬ ಚಿತ್ರ, ಡಬಲ್ಸ್‌ಗೆ ಕೆಳಗೆ ಎರಡು ಸಾಲು. ಆದರೆ ಆ ಆಟದ ಸೊಗಸೇ ಬೇರೆ. ಒಬ್ಬ ಸರ್ವ್ ಮಾಡಲು ನಿಂತಿರುತ್ತಾನೆ. ನೆಟ್ ಹತ್ತಿರ ಬಗ್ಗಿ ನಿಂತ ಜೊತೆಗಾರ ಬೆನ್ನ ಹಿಂದೆ ಕೈ ಇಟ್ಟು ಬೆರಳಲ್ಲೇ ಸನ್ನೆ ಮಾಡುತ್ತಾನೆ: ಚೆಂಡು ಎತ್ತ ಬೀಳಬೇಕು, ತಾನು ಅಡ್ಡ ಹಾಯುತ್ತೇನೋ ಇಲ್ಲವೋ ಎಂದು. ಮುಂದಿನದೆಲ್ಲ ನಾಲ್ಕೈದು ಹೊಡೆತಗಳಲ್ಲಿ ಮುಗಿದುಹೋಗುತ್ತದೆ. ಅಷ್ಟರೊಳಗೆ ಇಬ್ಬರೂ ಒಂದೇ ಯೋಚನೆ ಮಾಡಿರಬೇಕು. ಬೋಪಣ್ಣನವರ ಎತ್ತರದ ಸರ್ವ್, ಒಂದೇ ಕೈಯ ಬ್ಯಾಕ್‌ಹ್ಯಾಂಡ್ ಈ ಆಟಕ್ಕೆಂದೇ ಹೇಳಿ ಮಾಡಿಸಿದಂತಿದ್ದವು.

2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅವರು ಯುಎಸ್ ಓಪನ್ ಫೈನಲ್ ತಲುಪಿದರು. ವಿಶ್ವಸಂಸ್ಥೆಯಲ್ಲಿದ್ದ ಎರಡೂ ದೇಶಗಳ ರಾಯಭಾರಿಗಳು ಒಟ್ಟಿಗೆ ಕುಳಿತು ಪಂದ್ಯ ನೋಡಿದರು. ಬ್ರಯಾನ್ ಸೋದರರ ಎದುರು ಈ ಜೋಡಿ ಸೋತರೂ ನನ್ನ ಮಟ್ಟಿಗೆ ಅದೊಂದು ದೊಡ್ಡ ದಿನ. 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಗ್ರ್ಯಾಂಡ್‌ಸ್ಲಾಂ ಪುರುಷರ ಡಬಲ್ಸ್ ಪ್ರಶಸ್ತಿ ಮಾತ್ರ ವರ್ಷ ವರ್ಷವೂ ಕೈತಪ್ಪುತ್ತಲೇ ಇತ್ತು.

2021ರ ಹೊತ್ತಿಗೆ ತಿಂಗಳುಗಟ್ಟಲೆ ಒಂದು ಪಂದ್ಯವನ್ನೂ ಗೆಲ್ಲಲಾಗಲಿಲ್ಲ. ಇನ್ನು ಸಾಕು, ನಿಲ್ಲಿಸುತ್ತೇನೆ ಎಂದು ಹೆಂಡತಿಗೆ ವಿಡಿಯೊ ಸಂದೇಶ ಕಳಿಸಿದ್ದನ್ನು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಮಂಡಿಯ ಮೃದ್ವಸ್ಥಿ ಪೂರ್ತಿ ಸವೆದಿತ್ತು, ದಿನಾ ನೋವಿನ ಮಾತ್ರೆ ನುಂಗಿ ಆಡುತ್ತಿದ್ದರು. ಆಗ ಕೈ ಹಿಡಿದದ್ದು ಅಯ್ಯಂಗಾರ್ ಯೋಗ. ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ರೂಢಿಸಿದ ಆ ಪದ್ಧತಿಯಲ್ಲಿ ಹಗ್ಗ, ಕುರ್ಚಿ, ಮರದ ತುಂಡುಗಳ ಆಸರೆ ಹಿಡಿದು ಒಂದೊಂದು ಆಸನದಲ್ಲೂ ಹೊತ್ತುಗಟ್ಟಲೆ ನಿಲ್ಲಬೇಕು. ಗೆಲುವೇ ಕಾಣದ ಕಾಲದಲ್ಲಿ ಯಾರ ಚಪ್ಪಾಳೆಯೂ ಇಲ್ಲದೆ ಅದನ್ನು ಬಿಡದೆ ಮಾಡಿದರಲ್ಲ, ಅವರ ಬದುಕಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಅದನ್ನೇ.

ಅದರ ಫಲ 2024ರ ಜನವರಿಯಲ್ಲಿ ಬಂತು. ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಓಪನ್‌ನಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಆಡುತ್ತಿದ್ದಾಗಲೇ ಪದ್ಮಶ್ರೀ ಘೋಷಣೆಯಾಯಿತು. ಎರಡು ದಿನ ಕಳೆದು ಫೈನಲ್. ಇಟಲಿಯ ಬೊಲೆಲ್ಲಿ ಮತ್ತು ವಾವಸ್ಸೋರಿ ಎದುರು ಮೊದಲ ಸೆಟ್ ಟೈಬ್ರೇಕರ್‌ಗೆ ಹೋಯಿತು. ಅಲ್ಲಿ ಎದುರಾಳಿಗಳಿಗೆ ಒಂದು ಪಾಯಿಂಟೂ ಕೊಡದೆ 7-0ರಲ್ಲಿ ಮುಗಿಸಿದರು. ಎರಡನೇ ಸೆಟ್ 7-5. ಮುಂದಿನ ಸೋಮವಾರ ಹೊರಬಿದ್ದ ರ‍್ಯಾಂಕಿಂಗ್ ಪಟ್ಟಿಯಲ್ಲಿ 43ರ ಬೋಪಣ್ಣ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್. ಅಷ್ಟು ವಯಸ್ಸಿನಲ್ಲಿ ಮೊದಲ ಬಾರಿಗೆ ಆ ಸ್ಥಾನಕ್ಕೇರಿದವರು ಅವರ ಹಿಂದೆ ಯಾರೂ ಇರಲಿಲ್ಲ. ಇದನ್ನು ಅದೃಷ್ಟ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಕೊನೆಯ ಪಂದ್ಯವನ್ನು ಪ್ಯಾರಿಸ್‌ನಲ್ಲಿ, ಕಜಕಸ್ತಾನದ ಬುಬ್ಲಿಕ್ ಜೊತೆ ಆಡಿ ಸೋತರು. ಈಗ ಬೆಂಗಳೂರಿನ ತಮ್ಮ ಅಕಾಡೆಮಿಯಲ್ಲಿ ಎಳೆಯರಿಗೆ ದಾರಿ ತೋರುವ ಕೆಲಸ ಅವರ ಮುಂದಿದೆ. ಆ ಎಳೆಯರ ಆಟ ನೋಡಲು ಗ್ಯಾಲರಿಯಲ್ಲಿ ಜನ ಇರಬೇಕಷ್ಟೆ. ಮುಂದಿನ ಬೆಂಗಳೂರು ಓಪನ್ ಹೊತ್ತಿಗೆ ಒಂದು ಸಂಜೆ ಬಿಡುವು ಮಾಡಿಕೊಂಡು ಕಬ್ಬನ್ ಪಾರ್ಕಿನ ಟೆನಿಸ್ ಸ್ಟೇಡಿಯಂಗೆ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಸಿಂಗಲ್ಸ್ ಮುಗಿಯಿತೆಂದು ಎದ್ದು ಬರಬೇಡಿ, ಡಬಲ್ಸ್ ನೋಡಿಯೇ ಬನ್ನಿ.