ಸೂಜಿ ಚುಚ್ಚದ ಡಾಕ್ಟರು

ಕೊಳ್ಳೇಗಾಲದ ಕಡೆ ಜ್ವರ ಬಂದವರು ಆಸ್ಪತ್ರೆಗೆ ಒಬ್ಬರೇ ಹೋಗುವುದಿಲ್ಲ. ಜೊತೆಗೊಬ್ಬರು, ಮನೆಯಲ್ಲಿ ಬಿಟ್ಟುಬರಲಾಗದ ಒಂದು ಮಗು, ಹೇಗೂ ಪೇಟೆಗೆ ಬಂದಿದ್ದೇನಲ್ಲ ಎಂದು ಮಂಡಿನೋವು ತೋರಿಸಲು ಹೊರಟ ಪಕ್ಕದ ಮನೆಯವರು. ಎಲ್ಲರೂ ಒಂದೇ ಬೆಂಚಿನ ಮೇಲೆ. ಸುದ್ದಿಗೆಂದು ಹನೂರು, ಯಳಂದೂರು ಸುತ್ತುವ ನಾವು ಈ ಬೆಂಚುಗಳನ್ನು ವರ್ಷಗಳಿಂದ ನೋಡುತ್ತಿದ್ದೇವೆ. ಕ್ಷಯದ ಕೆಮ್ಮಿಗೂ ಬಾಣಂತಿಯ ಮಡಿಲಿನ ಕೂಸಿಗೂ ನಡುವೆ ಒಂದು ಮೊಳ ಅಂತರ. ಆಸ್ಪತ್ರೆಯ ಸೋಂಕು ಅಂದರೆ ಎಲ್ಲರಿಗೂ ಆಪರೇಷನ್ ಥಿಯೇಟರ್ ನೆನಪಾಗುತ್ತದೆ, ಈ ಬೆಂಚು ಯಾರಿಗೂ ನೆನಪಾಗುವುದಿಲ್ಲ.

ದೂರದಿಂದ ನೋಡುವ ವೈದ್ಯ ನಮ್ಮ ಜಿಲ್ಲೆಗೆ ಹೊಸಬನಲ್ಲ. ಇಪ್ಪತ್ತು ವರ್ಷಕ್ಕೂ ಹಿಂದೆಯೇ ಇಸ್ರೋದ ಉಪಗ್ರಹ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಆಗ ಚಿಂತೆ ಇದ್ದದ್ದು ದೂರದ್ದು. ಹತ್ತಿರ ಕೂರುವುದೇ ಅಪಾಯ ಎಂಬುದು 2020ರಲ್ಲಿ ಅರಿವಾಯಿತು. ಲಾಕ್‌ಡೌನ್ ಶುರುವಾದ ಮಾರ್ಚ್ 25ರಂದೇ ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಏಪ್ರಿಲ್‌ನಲ್ಲಿ ಇ-ಸಂಜೀವಿನಿಯ ಹೊರರೋಗಿ ಸೇವೆ. ಮುಂದಿನ ವರ್ಷ ಮೇ 2ರ ರಾತ್ರಿ ನಮ್ಮ ಜಿಲ್ಲಾ ಕೇಂದ್ರದಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಜನ ಸತ್ತ ಸುದ್ದಿ ನಾಡಿಗೆಲ್ಲ ಗೊತ್ತು. ಆಮೇಲೆ ಆಸ್ಪತ್ರೆ ಅಂದರೆ ಜನ ನಡುಗುತ್ತಿದ್ದರು. ಲಕ್ಷಣ ಕಡಿಮೆ ಇದ್ದವರಿಗೆ ಬೆರಳಿಗೆ ಆಕ್ಸಿಮೀಟರ್, ಕೈಯಲ್ಲಿ ಫೋನು. ಆಮ್ಲಜನಕ 94ಕ್ಕಿಂತ ಇಳಿದರೆ ಹೊರಡಿ, ಅಲ್ಲಿಯವರೆಗೆ ಮನೆಯಲ್ಲೇ ಇರಿ.

ಈಗ ಕೊರೊನಾದ ಮಾತಿಲ್ಲ, ಆದರೆ ಫೋನು ಉಳಿದಿದೆ. ಹನೂರು ಕಡೆಯ ಒಂದು ಉಪಕೇಂದ್ರದಲ್ಲಿ ನಾವು ಅರ್ಧ ದಿನ ಕೂತಿದ್ದೆವು. ಸಮುದಾಯ ಆರೋಗ್ಯಾಧಿಕಾರಿ ಟ್ಯಾಬ್ ತೆರೆದು ಬಿಪಿ, ಸಕ್ಕರೆ ಬರೆದು ಆಚೆಗಿದ್ದ ಡಾಕ್ಟರಿಗೆ ತೋರಿಸುತ್ತಿದ್ದರು. ಕೆಮ್ಮಿನವರನ್ನು ಹೊರಗೆ ಹೊಂಗೆ ಮರದಡಿ ಕೂರಿಸಿ ಅಲ್ಲಿಂದಲೇ ಮಾತಾಡಿಸಿದರು. ಪ್ರತಿಯೊಬ್ಬರೂ ಎದ್ದಮೇಲೆ ಟ್ಯಾಬನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದರು. ಎಲ್ಲರ ಕೈ ಸೇರುವ ಟ್ಯಾಬೂ ಒಂದು ಬೆಂಚೇ ತಾನೆ!

ಔಷಧಿ ಚೀಟಿ ಹಿಡಿದು ಹೊರಬಂದ ಅಜ್ಜಿಗೆ ಸಮಾಧಾನವಿರಲಿಲ್ಲ. "ಅಲ್ಲ ಕನಪ್ಪ, ಸೂಜಿ ಹಾಕ್ದೆ ಇರೋ ಡಾಕ್ಟ್ರು ಅದ್ಯಾವ್ ಡಾಕ್ಟ್ರು?"

ನಮಗೆ ಬೇಕಾದ ಸುದ್ದಿ ಅಜ್ಜಿಯ ಈ ಬೈಗುಳದಲ್ಲೇ ಇತ್ತು. ನಮ್ಮ ಹಳ್ಳಿಗಳಲ್ಲಿ ನೆಗಡಿಗೂ ಒಂದು ಸೂಜಿ ಬೇಕು, ಕೊಡುವವರೂ ಇದ್ದಾರೆ, ಅವರಲ್ಲಿ ಎಲ್ಲರೂ ಓದಿದವರಲ್ಲ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಹೆಪಟೈಟಿಸ್ ಬಿ, ಸಿ ಎರಡೂ ದಾಟುತ್ತವೆ, ಎಚ್‌ಐವಿಯೂ ದಾಟಬಹುದು. ಪರದೆಯ ಡಾಕ್ಟರು ಎಷ್ಟೇ ಬೇಡಿಕೊಂಡರೂ ಚುಚ್ಚಲಾರರು. ಮಾತ್ರೆಯಲ್ಲಿ ವಾಸಿಯಾಗುವುದು ಮಾತ್ರೆಯಲ್ಲೇ ವಾಸಿಯಾಗುತ್ತದೆ. ಅಜ್ಜಿಗೆ ಇದನ್ನು ಹೇಳಿದೆವು, ಒಪ್ಪಲಿಲ್ಲ, ನಕ್ಕರು.

ಹೆರಿಗೆ ಫೋನಿನಲ್ಲಿ ಆಗುವುದಿಲ್ಲ, ಹೊಲಿಗೆಯೂ ಇಲ್ಲ. ಮಾದಪ್ಪನ ಬೆಟ್ಟದ ಕಾಡೊಳಗಿನ ಇಂಡಿಗನತ್ತದಂಥ ಊರುಗಳವರು ರೋಗಿಯನ್ನು ಡೋಲಿಯಲ್ಲಿ ಹೊತ್ತು ತಂದದ್ದನ್ನು ಪತ್ರಿಕೆಗಳು ಮತ್ತೆ ಮತ್ತೆ ಬರೆದಿವೆ. ರಸ್ತೆ ಇಲ್ಲದ ಕಡೆ ಸಿಗ್ನಲ್ ಸಿಗುತ್ತದೆಂದು ನಂಬಿ ಕೂರುವುದು ಕಷ್ಟ. ಅಂಥವರಿಗೆ ಟ್ಯಾಬ್ ಕೊಟ್ಟು ಕೈತೊಳೆದುಕೊಂಡರೆ ಅದು ಮೋಸ.

ಅಂದು ಮಧ್ಯಾಹ್ನ ಕಾಲಿನ ಹುಣ್ಣಿನವರೊಬ್ಬರು ಬಂದರು. ಪರದೆಯಾಚೆಯ ಡಾಕ್ಟರು ಗಾಯ ನೋಡಿ ಡ್ರೆಸಿಂಗ್ ಹೇಗೆಂದು ವಿವರಿಸಿದರು: ಮೊದಲು ಸೋಪು ಹಾಕಿ ಕೈ ತೊಳೆಯಿರಿ, ಗ್ಲೌಸು ಹಾಕಿ, ಬಿಚ್ಚಿದ ಬ್ಯಾಂಡೇಜು ಹಳದಿ ಚೀಲಕ್ಕೆ, ಗ್ಲೌಸು ಕೆಂಪು ಚೀಲಕ್ಕೆ, ಆಮೇಲೆ ಮತ್ತೆ ಕೈ ತೊಳೆಯಿರಿ. ಯಾರೋ ಭುಜದ ಹಿಂದೆ ನಿಂತು ನೋಡುತ್ತಿದ್ದಾರೆ ಅಂದರೆ ಕೈ ಅವಸರ ಮಾಡುವುದಿಲ್ಲ. ದೂರದ ಈ ಕಣ್ಣು ರೋಗಿಗಿಂತ ಸಿಬ್ಬಂದಿಗೇ ಹೆಚ್ಚು ಉಪಕಾರಿ ಅಂತ ನಮಗನ್ನಿಸಿತು. ಆಕೆ ನಲ್ಲಿ ತಿರುಗಿಸಿದರು. ನೀರಿಲ್ಲ. ಆಶಾ ಕಾರ್ಯಕರ್ತೆ ಮೂಲೆಯ ಬಿಂದಿಗೆಯಿಂದ ಚೊಂಬಿನಲ್ಲಿ ನೀರು ಹುಯ್ದರು, ಆಕೆ ಕೈ ತೊಳೆದರು, ಡಾಕ್ಟರು ಅಷ್ಟೂ ಹೊತ್ತು ಕಾದರು.

ನಲ್ಲಿಯ ಸುದ್ದಿ ಕಳಿಸಿದೆವು. ಒಳಪುಟದಲ್ಲಿ ಎರಡು ಪ್ಯಾರಾ ಬಂತು. ಹೋದ ವಾರ ಫೋನು ಮಾಡಿ ಕೇಳಿದಾಗ, ಬಿಂದಿಗೆ ಬದಲು ಡ್ರಮ್ಮು ಇಟ್ಟಿದ್ದೇವೆ ಸಾರ್ ಅಂದರು.